ಹಟ್ಟಿಯ ಹೆಸರು ಯಾವ ಪಟ್ಟಿಯಲ್ಲಿ?

2025ರ ದಸರೆಯ ಹೊತ್ತಿಗೆ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಆಗ ನಾನು ಊರಿನಲ್ಲೇ ಇದ್ದೆ. ಚಳ್ಳಕೆರೆ ತಾಲ್ಲೂಕಿನ ನಮ್ಮ ಗೊಲ್ಲರಹಟ್ಟಿಗೆ ಬಂದ ಮೇಷ್ಟ್ರು ಕರೆಂಟ್ ಮೀಟರಿನ ಹತ್ತಿರ ಅಂಟಿಸಿದ್ದ ಚೀಟಿ ನೋಡಿಕೊಂಡು, ಮೊಬೈಲಿಗೆ ನೆಟ್‌ವರ್ಕ್ ಸಿಗುವ ಜಾಗ ಹುಡುಕಿ, ಬೇವಿನ ಮರದ ಕೆಳಗೆ ಕುಳಿತು ಅರವತ್ತು ಪ್ರಶ್ನೆಗಳನ್ನು ಶುರು ಮಾಡಿದರು. ಹೆಸರು, ವಯಸ್ಸು, ಆಧಾರ್ ಎಲ್ಲ ಸಲೀಸಾಗಿ ಮುಗಿದವು. ಜಾತಿ ಬಂದಾಗ ಮಾತು ನಿಂತಿತು.

'ಗೊಲ್ಲ' ಎಂದರು ಅಪ್ಪ. ಅವರ ಶಾಲಾ ದಾಖಲೆಯಲ್ಲಿ ಇರುವುದು ಅದೇ. 'ಕಾಡುಗೊಲ್ಲ ಅಂತ ಹಾಕಿ ಸಾರ್' ಎಂದೆ ನಾನು. ಒಳಗಿನಿಂದ ಅಜ್ಜಿ, 'ಏನ್ ಬರ್ಕಂಡ್ರೂ ನಾವು ಹಟ್ಟಿಯೋರು ಕಣಪ್ಪಾ, ಜುಂಜಪ್ಪನ ಒಕ್ಲು' ಅಂದಳು. ಒಂದೇ ಮನೆಯಲ್ಲಿ ಮೂರು ಉತ್ತರ. ಮೇಷ್ಟ್ರು ನಕ್ಕು, 'ಇದ್ರಲ್ಲಿ ಒಂದನ್ನೇ ಒತ್ತೋಕೆ ಆಗೋದು' ಎಂದರು.

ಆ ವಾರವೇ ನಾನು ಚಳ್ಳಕೆರೆಯ ರೂಮಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆಂದು ಚೀನಾದ ಜನಸಂಖ್ಯೆಯ ಬಗ್ಗೆ ನೋಟ್ಸ್ ಮಾಡಿಕೊಳ್ಳುತ್ತಿದ್ದೆ. 2020ರ ಜನಗಣತಿ: ಸುಮಾರು 141 ಕೋಟಿ. ಹಾನ್ ಜನಾಂಗ ಶೇ 91.11. ಉಳಿದ 55 ಅಲ್ಪಸಂಖ್ಯಾತ ಜನಾಂಗಗಳು ಸೇರಿ ಸುಮಾರು 12.5 ಕೋಟಿ. ಒಟ್ಟು ಜನಾಂಗಗಳು 56. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮೇಷ್ಟ್ರ ಮಾತು ತಲೆಯಲ್ಲಿ ಇತ್ತಲ್ಲ, ಈ 56 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಕಿದೆ. ಪಠ್ಯಪುಸ್ತಕದ ಒಂದು ಸಾಲಿನ ಹಿಂದೆ ದೊಡ್ಡ ಕಥೆಯೇ ಇತ್ತು.

ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ 1953ರಲ್ಲಿ ಮೊದಲ ಜನಗಣತಿ ನಡೆಯಿತು. ನಿಮ್ಮ ಜನಾಂಗ ಯಾವುದು ಎಂದು ಕೇಳಿದಾಗ ಜನ ತಮಗೆ ಗೊತ್ತಿದ್ದ ಹೆಸರನ್ನು ಹೇಳಿದರು. ನಾನೂರಕ್ಕೂ ಹೆಚ್ಚು ಹೆಸರುಗಳು ದಾಖಲಾದವು. ಯುನ್ನಾನ್ ಎಂಬ ಒಂದೇ ಪ್ರಾಂತ್ಯದಲ್ಲಿ ಇನ್ನೂರು ದಾಟಿದವು. ಕೆಲವರು ಊರಿನ ಹೆಸರು ಹೇಳಿದ್ದರು, ಕೆಲವರು ಕಣಿವೆಯ ಹೆಸರು, ಇನ್ನು ಕೆಲವರು ಅಕ್ಕಪಕ್ಕದವರು ತಮ್ಮನ್ನು ಕರೆಯುವ ಹೆಸರು. ಒಂದು ರೀತಿಯಲ್ಲಿ ನಮ್ಮ ಅಜ್ಜಿ ಹೇಳಿದ ಉತ್ತರವೇ. ಇಷ್ಟು ಹೆಸರಿಟ್ಟುಕೊಂಡು ಆಡಳಿತ ನಡೆಸುವುದು ಹೇಗೆ ಎಂದು ಸರ್ಕಾರ 1954ರಲ್ಲಿ ವಿದ್ವಾಂಸರ ತಂಡಗಳನ್ನು ಕಳುಹಿಸಿತು. ಸ್ಟಾಲಿನ್ ಹಾಕಿಕೊಟ್ಟಿದ್ದ ನಾಲ್ಕು ಅಳತೆಗೋಲುಗಳು ಅವರ ಕೈಯಲ್ಲಿದ್ದವು: ಒಂದೇ ಭಾಷೆ, ಒಂದೇ ನೆಲ, ಒಂದೇ ಆರ್ಥಿಕ ಬದುಕು, ಒಂದೇ ಮನೋಧರ್ಮ. ಹೆಸರುಗಳನ್ನು ಒಟ್ಟುಗೂಡಿಸುತ್ತಾ ಬಂದು, 1979ರಲ್ಲಿ ಜಿನೊ ಜನಾಂಗವನ್ನು ಕೊನೆಯದಾಗಿ ಸೇರಿಸಿ ಪಟ್ಟಿಯನ್ನು 56ಕ್ಕೆ ನಿಲ್ಲಿಸಿದರು. ಆಮೇಲೆ ಯಾರೂ ಸೇರಿಲ್ಲ.

ಸೇರದವರು ಎಲ್ಲಿ ಹೋದರು? ಗ್ವಿಝೌ ಪ್ರಾಂತ್ಯದ ಗೆಜಿಯಾ ಎಂಬವರನ್ನು ಮಿಯಾವ್ ಜನಾಂಗದೊಳಗೆ ಹಾಕಲಾಗಿದೆ. 'ನಾವು ಮಿಯಾವ್ ಅಲ್ಲ, ಬೇರೆ' ಎಂದು ಅವರು ಹೇಳುತ್ತಲೇ ಇದ್ದಾರೆ. 2020ರ ಗಣತಿಯಲ್ಲೂ 8 ಲಕ್ಷಕ್ಕೂ ಹೆಚ್ಚು ಜನ 'ಗುರುತಿಸದ ಜನಾಂಗ' ಎಂಬ ಕಾಲಂನಲ್ಲಿ ಉಳಿದಿದ್ದಾರೆ. ಇನ್ನು ಶೇ 91ರಷ್ಟಿರುವ ಹಾನ್ ಎಲ್ಲರೂ ಒಂದೇ ಥರವೇ? ಕ್ಯಾಂಟನ್ ಕಡೆಯವನ ಮಾತು ಬೀಜಿಂಗಿನವನಿಗೆ ಅರ್ಥವಾಗುವುದಿಲ್ಲ. ಆದರೂ ಇಬ್ಬರೂ ಹಾನ್. ಹ್ವೇ ಜನರ ಮನೆಮಾತು ಹಾನ್ ಜನರದೇ ಚೀನೀ ಭಾಷೆ. ಆದರೆ ಅವರು ಮುಸ್ಲಿಮರು, ಹಾಗಾಗಿ ಬೇರೆ ಜನಾಂಗ. ಅಳತೆಗೋಲು ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಈಗ ನಮ್ಮ ಸೀಮೆಗೆ ಬನ್ನಿ. ಚಳ್ಳಕೆರೆ, ಮೊಳಕಾಲ್ಮುರು ಎಂದರೆ ಹೊರಗಿನವರಿಗೆ ಎಣ್ಣೆ ಗಿರಣಿ, ಶೇಂಗಾ, ಕಂಬಳಿ, ರೇಷ್ಮೆ ಸೀರೆ. ಹೆಚ್ಚೆಂದರೆ ಬ್ರಹ್ಮಗಿರಿಯ ಅಶೋಕನ ಶಾಸನ. ಇಲ್ಲಿನ ಜನ ಯಾರು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಮ್ಯಾಸಬೇಡರು, ಊರುಬೇಡರು, ಕಾಡುಗೊಲ್ಲರು, ಊರುಗೊಲ್ಲರು, ಮಾದಿಗರು, ಛಲವಾದಿಗಳು, ತಾಂಡಾಗಳಲ್ಲಿ ಲಂಬಾಣಿಗರು, ಭೋವಿಗಳು, ಕೊರಮ–ಕೊರಚರು, ಕುರುಬರು, ಲಿಂಗಾಯತರು, ರೆಡ್ಡಿಗಳು, ಕುಂಚಿಟಿಗರು, ಮುಸ್ಲಿಮರು, ಮಗ್ಗದ ಮನೆಗಳಲ್ಲಿ ಹಲವು ಜಾತಿಯ ನೇಕಾರರು. ಆಂಧ್ರದ ರಾಯದುರ್ಗ, ಕಲ್ಯಾಣದುರ್ಗ ಪಕ್ಕದಲ್ಲೇ ಇರುವುದರಿಂದ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಗೌರಸಮುದ್ರದ ಮಾರಮ್ಮನ ಜಾತ್ರೆಗೋ ನಾಯಕನಹಟ್ಟಿಯ ತೇರಿಗೋ ಹೋಗಿ ಒಂದು ಗಂಟೆ ನಿಂತರೆ ಇದೆಲ್ಲ ಕಿವಿಗೆ ಬೀಳುತ್ತದೆ.

ಆದರೆ 2011ರ ಜನಗಣತಿ ತೆರೆದರೆ ಚಿತ್ರದುರ್ಗ ಜಿಲ್ಲೆಯ 16.6 ಲಕ್ಷ ಜನರಲ್ಲಿ ಎರಡೇ ಗುಂಪುಗಳು ಕಾಣುತ್ತವೆ: ಪರಿಶಿಷ್ಟ ಜಾತಿ ಶೇ 23.45, ಪರಿಶಿಷ್ಟ ಪಂಗಡ ಶೇ 18.23. ಪರಿಶಿಷ್ಟ ಪಂಗಡದ ರಾಜ್ಯದ ಸರಾಸರಿ ಶೇ 6.95 ಮಾತ್ರ, ನಮ್ಮ ಎರಡೂ ವಿಧಾನಸಭಾ ಕ್ಷೇತ್ರಗಳು ಆ ಪಂಗಡಕ್ಕೆ ಮೀಸಲಾಗಿರುವುದು ಏಕೆ ಎಂದು ಇದರಿಂದ ತಿಳಿಯುತ್ತದೆ. ಉಳಿದ ಶೇ 58ರಷ್ಟು ಜನ, ಅಂದರೆ ಹತ್ತರಲ್ಲಿ ಆರು ಮಂದಿ, ಹೆಸರಿಲ್ಲದವರು. ಎಲ್ಲ ಜಾತಿಗಳ ಲೆಕ್ಕ ದೇಶದಲ್ಲಿ ಪ್ರಕಟವಾದದ್ದು 1931ರಲ್ಲೇ ಕೊನೆ. ಚೀನಾ ನಾನೂರು ಹೆಸರುಗಳನ್ನು 56ಕ್ಕೆ ಇಳಿಸಿತು ಎಂದು ನಾವು ಆಶ್ಚರ್ಯಪಡುತ್ತೇವೆ; ನಮ್ಮ ಗಣತಿ ಸಾವಿರಾರು ಹೆಸರುಗಳನ್ನು ಮೂರಕ್ಕೆ ಇಳಿಸಿ ಕುಳಿತಿತ್ತು.

ಪಟ್ಟಿ ಎಂದರೆ ಬರೀ ಕಾಗದವಲ್ಲ, ಅದು ಜನರನ್ನು ಹೆಚ್ಚೂ ಮಾಡುತ್ತದೆ, ಕಡಿಮೆಯೂ ಮಾಡುತ್ತದೆ. ಚೀನಾದಲ್ಲಿ ಮಂಚು ಜನಾಂಗದವರು 1982ರಲ್ಲಿ ಸುಮಾರು 43 ಲಕ್ಷ ಇದ್ದರು, 1990ಕ್ಕೆ 98 ಲಕ್ಷ ಆದರು. ಎಂಟು ವರ್ಷಗಳಲ್ಲಿ ಯಾವ ಜನಾಂಗವೂ ಹಾಗೆ ಹೆತ್ತು ಬೆಳೆಯುವುದಿಲ್ಲ. ಒಂದೇ ಮಗು ನೀತಿಯಲ್ಲಿ ಅಲ್ಪಸಂಖ್ಯಾತ ಜನಾಂಗಗಳಿಗೆ ಸಡಿಲಿಕೆ ಇತ್ತು, ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವ್‌ಕಾವ್‌ನಲ್ಲಿ ಅವರಿಗೆ ಹೆಚ್ಚುವರಿ ಅಂಕ ಸಿಗುತ್ತಿತ್ತು. ಅಷ್ಟು ದಿನ ಹಾನ್ ಎಂದು ಬರೆಸಿಕೊಂಡಿದ್ದವರು ತಮ್ಮ ಅಜ್ಜ ಮಂಚು ಎಂಬುದನ್ನು ನೆನಪಿಸಿಕೊಂಡರು. ಅಲ್ಲಿ ಗುರುತಿನ ಚೀಟಿಯ ಮೇಲೇ ಜನಾಂಗ ಮುದ್ರಣವಾಗಿರುತ್ತದೆ. ತಂದೆ ತಾಯಿ ಬೇರೆ ಬೇರೆ ಜನಾಂಗದವರಾದರೆ ಮಗುವಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ನಮ್ಮಲ್ಲೂ ಇದೇ ನಡೆದಿದೆ. 1971ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು 2.31 ಲಕ್ಷ, 1981ರಲ್ಲಿ 18.25 ಲಕ್ಷ. ನಡುವೆ 1976ರಲ್ಲಿ ಆದ ತಿದ್ದುಪಡಿ, ಇಂಥ ಪ್ರದೇಶದವರಿಗೆ ಮಾತ್ರ ಎಂಬ ಗಡಿಯನ್ನು ತೆಗೆಯಿತು. 1991ರಲ್ಲಿ 19.16 ಲಕ್ಷ; 2001ರಲ್ಲಿ 34.64 ಲಕ್ಷ. 1991ರ ಗಣತಿ ಮುಗಿದ ಮೇಲೆ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪಟ್ಟಿಗೆ ಸೇರಿದವು. ಆ ಜನ ಮೊದಲೂ ಇಲ್ಲೇ ಇದ್ದರು, ಇದೇ ಕೆಂಪು ನೆಲದಲ್ಲಿ ಶೇಂಗಾ ಬಿತ್ತುತ್ತಿದ್ದರು. ಕಾಗದದ ಮೇಲೆ ಮಾತ್ರ ಆಗ ಹುಟ್ಟಿದರು. ಇದನ್ನು ಮೋಸ ಎಂದು ನಾನು ಹೇಳುತ್ತಿಲ್ಲ. ತಡವಾಗಿ ಸಿಕ್ಕ ಹಕ್ಕು ಅದು.

ನನ್ನ ರೂಮ್‌ಮೇಟ್ ಅದೇ ಪಟ್ಟಿಯವನು. ಮೊಳಕಾಲ್ಮುರು ತಾಲ್ಲೂಕಿನ ಮ್ಯಾಸನಾಯಕರ ಹುಡುಗ. ಮನೆಯಲ್ಲಿ ತೆಲುಗು. ಕೋಳಿ ಮುಟ್ಟುವುದಿಲ್ಲ, ಅವರ ಹಟ್ಟಿಯಲ್ಲಿ ಇಂದಿಗೂ ದೇವರ ಎತ್ತುಗಳಿವೆ. ನಮ್ಮದೂ ಹಟ್ಟಿ, ನಮ್ಮದೂ ದನಕುರಿಯ ಸುತ್ತ ಬೆಳೆದ ದೇವರುಗಳು. ಕ್ಯಾತೆದೇವರ ಜಾತ್ರೆಯ ಮುಳ್ಳಿನ ಗುಡಿ ನೋಡಲು ಅವನೇ ನನ್ನ ಜೊತೆ ಬಂದಿದ್ದ. ಇಬ್ಬರ ಅಪ್ಪಂದಿರಿಗೂ ಒಣ ಭೂಮಿ. ಇಬ್ಬರೂ ಒಂದೇ ಲೈಬ್ರರಿಯಲ್ಲಿ, ಒಂದೇ ಹಳೆಯ ಪ್ರಶ್ನೆಪತ್ರಿಕೆ ಹಂಚಿಕೊಂಡು ಓದುತ್ತೇವೆ. ಅರ್ಜಿ ಹಾಕುವಾಗ ಅವನು ಪರಿಶಿಷ್ಟ ಪಂಗಡ, ನಾನು ಪ್ರವರ್ಗ–1. 2022ರಲ್ಲಿ ಪಂಗಡದ ಮೀಸಲಾತಿ ಶೇ 3ರಿಂದ 7ಕ್ಕೆ ಏರಿತು. ಪ್ರವರ್ಗ–1ಕ್ಕೆ ಶೇ 4.

ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳುಹಿಸಿದೆ. ಪಟ್ಟಿಗೆ ಮಾತ್ರ ಇನ್ನೂ ಸೇರಿಲ್ಲ. 2020ರ ಶಿರಾ ಉಪಚುನಾವಣೆ ಹೊತ್ತಿಗೆ ಕಾಡುಗೊಲ್ಲರ ಹೆಸರಿನಲ್ಲಿ ಅಭಿವೃದ್ಧಿ ನಿಗಮ ಘೋಷಣೆಯಾಯಿತು. ಚುನಾವಣೆ ಹತ್ತಿರ ಬಂದಾಗ ನಮ್ಮ ಹೆಸರು ಎಲ್ಲರಿಗೂ ಸರಿಯಾಗಿ ನೆನಪಾಗುತ್ತದೆ. ನಮ್ಮ ವಾದ ಸರಳ: ಊರುಗೊಲ್ಲರು ಬೇರೆ, ನಾವು ಬೇರೆ. ಅವರಲ್ಲಿ ಹೆಚ್ಚಿನವರದು ತೆಲುಗು, ಊರೊಳಗೆ ವಾಸ. ನಮ್ಮದು ಕನ್ನಡ, ಊರಾಚೆ ಹಟ್ಟಿ. 'ಗೊಲ್ಲ' ಎಂಬ ಒಂದೇ ಚೀಲದಲ್ಲಿ ಇಬ್ಬರನ್ನೂ ತುಂಬಿದ್ದರಿಂದ ನಾವು ಕಾಣದೇ ಹೋದೆವು. ಮಿಯಾವ್ ಚೀಲದೊಳಗಿನ ಗೆಜಿಯಾ ಜನರ ಕಥೆ ಓದಿದಾಗ ನನಗೆ ನಗು ಬಂದದ್ದು ಇದಕ್ಕೇ.

ಇದನ್ನೆಲ್ಲ ಹೇಳಿದರೆ ಗೆಳೆಯ ಒಂದೇ ಪ್ರಶ್ನೆ ಕೇಳುತ್ತಾನೆ: 'ನೀವು ಬರ್ತೀರಿ, ಕುರುಬ್ರೂ ಕೇಳ್ತಾ ಇದಾರೆ. ಇರೋ ಏಳರಲ್ಲಿ ನಮಗೇನು ಉಳೀತದೆ?' ಅವನ ಪ್ರಶ್ನೆ ತಪ್ಪಲ್ಲ. ಸೋಲಿಗರೂ ಜೇನುಕುರುಬರೂ ನಾಯಕರನ್ನು ಇದೇ ಪ್ರಶ್ನೆ ಕೇಳಬಹುದು. ಪಟ್ಟಿ ಉದ್ದವಾಗಿ ಹುದ್ದೆಗಳು ಅಷ್ಟೇ ಉಳಿದರೆ ಬಡವರ ಮಕ್ಕಳು ಒಬ್ಬರ ಅಂಕಪಟ್ಟಿಯನ್ನು ಇನ್ನೊಬ್ಬರು ಇಣುಕಿ ನೋಡುವುದೇ ಆಗುತ್ತದೆ. 2024ರ ಅಕ್ಟೋಬರ್‌ನಿಂದ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಇಲ್ಲ ಎಂದಾಗ ಪರಿಶಿಷ್ಟ ಜಾತಿಯ ಗೆಳೆಯರ ಜೊತೆ ನಾವೂ ಕಾದೆವು. ಒಳಮೀಸಲಾತಿ ನ್ಯಾಯವಾದದ್ದೇ, ಮೂವತ್ತು ವರ್ಷದ ಹೋರಾಟ ಅದು. ಆದರೆ ನಮ್ಮ ವಯಸ್ಸು ಅಧಿಸೂಚನೆಗಾಗಿ ಕಾಯುವುದಿಲ್ಲವಲ್ಲ.

ಇನ್ನು ನನ್ನನ್ನು ನಿಜಕ್ಕೂ ಕಾಡುವ ವಿಷಯ. ಯಾವುದೇ ಸಮುದಾಯವನ್ನು ಪರಿಶಿಷ್ಟ ಪಂಗಡ ಎಂದು ಗುರುತಿಸಲು ಇಂದಿಗೂ ಬಳಸುವುದು 1965ರ ಲೋಕೂರ್ ಸಮಿತಿಯ ಐದು ಲಕ್ಷಣಗಳನ್ನು: ಆದಿಮ ಗುಣಗಳು, ಪ್ರತ್ಯೇಕ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಸ್ಟಾಲಿನ್ ನಾಲ್ಕು ಹೇಳಿದ, ನಾವು ಐದು ಹೇಳಿದೆವು. ಅವನ ಪಟ್ಟಿಯಲ್ಲಿ ಕನಿಷ್ಠ ಹಿಂದುಳಿದಿರಬೇಕು ಎಂಬ ಷರತ್ತು ಇರಲಿಲ್ಲ. ನಮ್ಮ ಪಟ್ಟಿಯ ಪ್ರಕಾರ ನಾನು ಪಂಗಡದವನೆಂದು ಸಾಬೀತಾಗಬೇಕಾದರೆ ನಾನು ಜನರೊಡನೆ ಬೆರೆಯಬಾರದು. ಚಳ್ಳಕೆರೆಯ ರೂಮಿನಲ್ಲಿ ಕುಳಿತು ಚೀನಾದ ಬಗ್ಗೆ ಲೇಖನ ಬರೆಯುವ ಹುಡುಗ ಈ ಪರೀಕ್ಷೆಯಲ್ಲಿ ಫೇಲ್.

ಇದು ತಮಾಷೆಯಲ್ಲ. ನಮ್ಮ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿ ಬಾಣಂತಿಯರನ್ನೂ ಹೊರಗಿಡುವ ಪದ್ಧತಿ ಇದೆ. ಗುಡಿಸಲಿನಲ್ಲೋ ಮರದ ಕೆಳಗೋ ಮಳೆ ಚಳಿಯಲ್ಲಿ ಇರುತ್ತಾರೆ. ಸರ್ಕಾರ ಕೆಲವು ಕಡೆ ಅವರಿಗಾಗಿ ಭವನ ಕಟ್ಟಿಸಿತು, ಅಂದರೆ ಹೊರಗಿಡುವುದಕ್ಕೆ ತಾರಸಿ ಹಾಕಿಸಿತು. ನಮ್ಮಲ್ಲಿ ಕೆಲವು ಹಿರಿಯರು, 'ಅಧ್ಯಯನಕ್ಕೆ ಬರೋರಿಗೆ ಇದನ್ನೆಲ್ಲ ತೋರಿಸ್ಬೇಕು, ಇಲ್ಲಾಂದ್ರೆ ನಾವು ಬುಡಕಟ್ಟು ಅಂತ ಹೆಂಗ್ ನಂಬ್ತಾರೆ' ಎನ್ನುತ್ತಾರೆ. ಬಿ.ಇಡಿ. ಓದುತ್ತಿರುವ ನನ್ನ ತಂಗಿ ಇದನ್ನು ಕೇಳಿ, 'ನನ್ನ ಗುಡಿಸಲು ನಿನ್ನ ಸರ್ಟಿಫಿಕೇಟಾ ಅಣ್ಣ?' ಎಂದಳು. ಆ ದಿನಗಳಲ್ಲಿ ಅವಳು ಊರಿಗೇ ಬರುವುದಿಲ್ಲ, ಹಾಸ್ಟೆಲಿನಲ್ಲೇ ಉಳಿಯುತ್ತಾಳೆ. ಅವಳಿಗೆ ಕೊಡಲು ನನ್ನ ಬಳಿ ಉತ್ತರ ಇರಲಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಅಂದಿನ ಚಿತ್ರದುರ್ಗ ಸಂಸದರನ್ನೇ, ಅವರು ದಲಿತರೆಂಬ ಕಾರಣಕ್ಕೆ, ಒಳಗೆ ಬಿಡದೆ ವಾಪಸ್ ಕಳುಹಿಸಿದ ಸುದ್ದಿ ಎಲ್ಲರೂ ಓದಿದ್ದೀರಿ. ಲೋಕೂರ್ ಸಮಿತಿಯ ಭಾಷೆಯಲ್ಲಿ ಅದಕ್ಕೆ 'ಬೆರೆಯಲು ಸಂಕೋಚ' ಎನ್ನಬಹುದೇನೋ. ಹಟ್ಟಿಯ ಹುಡುಗನಾದ ನನಗೆ ಅದು ಅಸ್ಪೃಶ್ಯತೆ ಎಂದೇ ಕಾಣುತ್ತದೆ. ನಾವು ಹಕ್ಕು ಕೇಳುವಾಗ ಇದನ್ನು ಸಂಸ್ಕೃತಿಯ ಕಾಲಂನಲ್ಲಿ ತುಂಬಿಸಬಾರದು. ಕೇಳಬೇಕಾದ್ದು ಭೂಮಿ ಎಷ್ಟಿದೆ, ಎಸ್ಸೆಸ್ಸೆಲ್ಸಿ ದಾಟಿದ ಹೆಣ್ಣುಮಕ್ಕಳು ಎಷ್ಟು, ಸರ್ಕಾರಿ ಕೆಲಸದಲ್ಲಿ ಯಾರಿದ್ದಾರೆ ಎಂಬುದನ್ನು. ಅದಕ್ಕೆ ಗುಡಿಸಲು ಬೇಡ, ಅಂಕಿ ಸಾಕು. ಯುನ್ನಾನ್‌ನಲ್ಲಿ ಅಲ್ಪಸಂಖ್ಯಾತ ಜನಾಂಗಗಳು ಬಣ್ಣದ ಉಡುಪು ತೊಟ್ಟು ಪ್ರವಾಸಿಗಳ ಮುಂದೆ ಕುಣಿಯುವ ಫೋಟೊಗಳನ್ನು ನೋಡಿದಾಗ ನನಗೆ ಇದೇ ಭಯ. ಪಟ್ಟಿಯಲ್ಲಿ ಉಳಿಯಲು ಪಟ್ಟಿ ಹೇಳಿದ ಹಾಗೆ ಕಾಣಿಸಿಕೊಳ್ಳುತ್ತಲೇ ಇರಬೇಕೆ?

ಸಮೀಕ್ಷೆಯಲ್ಲಿ ಕುಲಕಸುಬಿನ ಪ್ರಶ್ನೆಯೂ ಇತ್ತು. ಅಪ್ಪ 'ಕುರಿ' ಎಂದರು. ಈಗ ಮನೆಯಲ್ಲಿರುವುದು ನಾಲ್ಕು ಕುರಿ. ಉಳ್ಳಾರ್ತಿ, ಖುದಾಪುರದ ಕಡೆಯ ಅಮೃತಮಹಲ್ ಕಾವಲು ವಿಜ್ಞಾನ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದ ಮೇಲೆ ಮೇವಿನ ದಾರಿಗಳೇ ಬದಲಾದವು. ಅದು ಬೇರೆಯೇ ಲೇಖನದ ವಿಷಯ.

ಜಾತಿಯ ಕಾಲಂ ಒಂದೇ ಅಲ್ಲ, ಊರಿನ ಕಾಲಂ ಕೂಡ ಕೆಲಸ ನಿರ್ಧರಿಸುತ್ತದೆ. ಚೀನಾದಲ್ಲಿ 1958ರಿಂದ ಹುಕೌ ಎಂಬ ನೋಂದಣಿ ಪದ್ಧತಿ ಇದೆ. ಯಾವ ಊರಿನಲ್ಲಿ ನೋಂದಣಿಯೋ ಅಲ್ಲೇ ಸೌಲಭ್ಯ. ಹಳ್ಳಿಯಿಂದ ಶಾಂಘೈಗೆ ದುಡಿಯಲು ಹೋದವರ ಮಕ್ಕಳು ಗಾವ್‌ಕಾವ್ ಬರೆಯಲು ಸಾಮಾನ್ಯವಾಗಿ ತಮ್ಮ ಪ್ರಾಂತ್ಯಕ್ಕೇ ಮರಳಬೇಕು. ಹಾಗೆ ನೋಂದಣಿ ಒಂದು ಕಡೆ, ಬದುಕು ಇನ್ನೊಂದು ಕಡೆ ಇರುವವರು 2020ರಲ್ಲಿ ಸುಮಾರು 37.6 ಕೋಟಿ. ನಮಗೆ ಅಂಥ ಬೇಲಿ ಇಲ್ಲ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ನಮ್ಮವರನ್ನು ಯಾರೂ ತಡೆಯುವುದಿಲ್ಲ. ಆದರೆ ಮೊಳಕಾಲ್ಮುರಿನ ಹುಡುಗರನ್ನು ಕೇಳಿ. ಅವರ ತಾಲ್ಲೂಕಿನ ಗಡಿಯಾಚೆ ಬಳ್ಳಾರಿ ಸೀಮೆ. ಅಲ್ಲಿಯವರಿಗೆ 371(ಜೆ) ಪ್ರಕಾರ ಸ್ಥಳೀಯ ವೃಂದದ 'ಸಿ' ದರ್ಜೆಯ ಹುದ್ದೆಗಳಲ್ಲಿ ಶೇ 80 ಮೀಸಲು. ಅದೇ ಮಳೆ, ಅದೇ ಬರ, ಅದೇ ಕೆಂಪು ಮಣ್ಣು. ಜಿಲ್ಲೆಯ ಹೆಸರು ಮಾತ್ರ ಬೇರೆ. ಈ ವಿಷಯದಲ್ಲಿ ಗೆಳೆಯನೂ ನಾನೂ ಒಂದೇ ಪಕ್ಷ.

ಚೀನಾದ ಜನಸಂಖ್ಯೆ 2022ರಿಂದ ಇಳಿಯುತ್ತಿದೆ, ಮೂರು ಮಕ್ಕಳಾದರೂ ಸರಿ ಎಂದು ಸರ್ಕಾರ 2021ರಲ್ಲೇ ಹೇಳಿದರೂ ಜನ ಹೆರುತ್ತಿಲ್ಲ. ಹಲವು ಪ್ರಾಂತ್ಯಗಳು ಅಲ್ಪಸಂಖ್ಯಾತರ ಹೆಚ್ಚುವರಿ ಅಂಕಗಳನ್ನೂ ಕಡಿತ ಮಾಡುತ್ತಿವೆ. 2023ರ ಜೂನ್‌ನಲ್ಲಿ ನಗರದ ಯುವಜನರ ನಿರುದ್ಯೋಗ ಶೇ 21.3ಕ್ಕೆ ಮುಟ್ಟಿದಾಗ ಆ ಅಂಕಿ ಪ್ರಕಟಿಸುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದರು. ಜನಸಂಖ್ಯೆಯಲ್ಲಿ ನಾವು ಮುಂದೆ ಹೋದೆವು ಎಂದು ಬೀಗುವವರು ಈ ಪ್ಯಾರಾವನ್ನು ಎರಡು ಸಲ ಓದಲಿ.

2027ರ ಫೆಬ್ರುವರಿಯಲ್ಲಿ ದೇಶದ ಜನಗಣತಿಯವರು ಮನೆಗೆ ಬಂದಾಗ ಈ ಸಲ ಎಲ್ಲರ ಜಾತಿಯನ್ನೂ ಕೇಳುತ್ತಾರೆ. ಹಾಗಾಗಿ ಶಾಲೆಯ ದಾಖಲೆ, ನಾಡಕಚೇರಿಯ ಪ್ರಮಾಣಪತ್ರ, ಮನೆಯವರ ಬಾಯಿಮಾತು ಮೂರೂ ಒಂದೇ ಇವೆಯೇ ಎಂದು ಈಗಲೇ ನೋಡಿಕೊಳ್ಳಿ ಎಂದು ನಮ್ಮ ಹಟ್ಟಿಯ ಹುಡುಗರಿಗೆ ಹೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲರೂ 'ಕಾಡುಗೊಲ್ಲ' ಎಂದೇ ಹೇಳೋಣ ಎಂದೆ. ಅಪ್ಪ ಒಪ್ಪಿದ್ದಾರೆ. ತಂಗಿ ಒಂದು ಷರತ್ತು ಹಾಕಿದ್ದಾಳೆ: ಗಣತಿಯವರು ಬರುವುದು ಯಾವ ದಿನವೇ ಆಗಲಿ, ಆ ದಿನ ಅವಳು ಮನೆಯ ಒಳಗೇ ಕುಳಿತು ಉತ್ತರ ಹೇಳಬೇಕು. ಅಜ್ಜಿ ಇನ್ನೂ ಏನೂ ಹೇಳಿಲ್ಲ.